ಶಿಶುಶಾಲೆಯಿಂದ ಸಂಗೀತ ಚಿಕಿತ್ಸೆಗೆ: ಒಂದು ವೃತ್ತಿಶಿಕ್ಷಣದ ಚಾರಿತ್ರಿಕ ವಿವೇಚನೆ

1

ಸಂಗೀತಕ್ಕೆ ವ್ಯಾಧಿಯನ್ನು ಉಪಶಮನಗೊಳಿಸುವ ಶಕ್ತಿಯುಂಟೆಂಬ ನಂಬಿಕೆ ಬಹು ಪ್ರಾಚೀನವಾದುದು. ಆದರೆ ಆ ನಂಬಿಕೆಯ ಚರಿತ್ರೆ ಬೇರೆ. ಆ ಕೆಲಸವನ್ನು ವೃತ್ತಿಯಾಗಿ ಕೈಕೊಳ್ಳುವವರು ಏನನ್ನು ಕಲಿತಿರಬೇಕು, ಯಾರಿಂದ ಕಲಿಯಬೇಕು, ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಯ ಚರಿತ್ರೆ ಬೇರೆ. ಮೊದಲನೆಯದಕ್ಕೆ ಸಾವಿರಾರು ವರ್ಷಗಳ ಆಯುಸ್ಸಿದ್ದರೆ, ಎರಡನೆಯದಕ್ಕೆ ಒಂದು ಶತಮಾನಕ್ಕಿಂತ ತುಸು ಹೆಚ್ಚು ಆಯುಸ್ಸು ಮಾತ್ರವಿದೆ. ಈ ಎರಡನೆಯ ಚರಿತ್ರೆಯನ್ನೇ ನಾವಿಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಅದರಲ್ಲಿಯೂ ಎಳೆಯ ಮಕ್ಕಳ ನಡುವೆ ದಿನವೆಲ್ಲ ಕೆಲಸಮಾಡುತ್ತಿದ್ದವರು ಆ ಕೆಲಸವನ್ನು ಬಿಡದೆ ಈ ವಿದ್ಯೆಯನ್ನು ಹೇಗೆ ಸಂಪಾದಿಸಿದರು, ಸಂಪಾದಿಸಿದುದನ್ನು ಹೇಗೆ ಪಾಠಕ್ರಮವಾಗಿ ಮಾರ್ಪಡಿಸಿದರು ಎಂಬ ಭಾಗಕ್ಕೆ ಹೆಚ್ಚಿನ ಗಮನವನ್ನು ಕೊಡುತ್ತೇವೆ.

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಮಾತು ಬಾರದ, ಕಣ್ಣೆತ್ತಿ ನೋಡದ, ಕರೆದರೆ ಓಗೊಡದ ಒಂದು ಮಗುವಿನ ಮುಂದೆ ಕುಳಿತ ಶಿಕ್ಷಕಿಯು ಒಂದು ಹಾಡಿನಿಂದ ಆ ಮಗುವಿನ ಮುಖ ತಿರುಗಿದುದನ್ನು ಕಂಡಾಗ, ಆಕೆಯ ಮನಸ್ಸಿನಲ್ಲಿ ಎರಡು ವಿಚಾರಗಳು ಒಟ್ಟಿಗೆ ಹುಟ್ಟುತ್ತವೆ: ಇದನ್ನು ಇನ್ನೂ ಬಲ್ಲವಳಾಗಬೇಕೆಂಬುದು ಒಂದು; ಬಲ್ಲವಳಾಗದೆ ಇದನ್ನು ಮುಂದುವರಿಸಬಹುದೆ ಎಂಬುದು ಇನ್ನೊಂದು. ಈ ಎರಡು ವಿಚಾರಗಳಿಗೆ ಕಳೆದ ಶತಮಾನವು ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದರಿಂದ ಶಿಕ್ಷಣಶಾಸ್ತ್ರವನ್ನು ಬೋಧಿಸುವವರಿಗೂ ಕಲಿಯುವವರಿಗೂ ಪ್ರಯೋಜನವಿದೆಯೆಂದು ನಮ್ಮ ಎಣಿಕೆ.

2

ಮಕ್ಕಳ ಇಂದ್ರಿಯಶಿಕ್ಷಣಕ್ಕೂ ಚಿಕಿತ್ಸೆಗೂ ಇರುವ ನಂಟು ಫ್ರಾನ್ಸಿನಲ್ಲಿ ಮೊದಲಾಯಿತೆನ್ನಬಹುದು. 1800ರಲ್ಲಿ ಅವೆರಾನ್ ಪ್ರಾಂತದಲ್ಲಿ ಕಾಡಿನಿಂದ ಹೊರಬಂದ ಬಾಲಕನೊಬ್ಬನನ್ನು ಪ್ಯಾರಿಸಿನ ಕಿವುಡರ ಶಾಲೆಗೆ ತಂದಾಗ, ಅಲ್ಲಿಯ ವೈದ್ಯ ಝಾನ್ ಇತಾರನು ಆತನಿಗೆ ನುಡಿ ಕಲಿಸಲು ವರ್ಷಗಟ್ಟಲೆ ಶ್ರಮಿಸಿದನು. ಶಬ್ದಗಳನ್ನು ಒಂದರಿಂದೊಂದು ಬೇರ್ಪಡಿಸಿ ಕೇಳಿಸುವುದು, ಕಣ್ಣು ಕಟ್ಟಿ ಧ್ವನಿಯನ್ನು ಗುರುತಿಸುವಂತೆ ಮಾಡುವುದು ಮೊದಲಾದ ಅಭ್ಯಾಸಗಳು ಆತನ ಕ್ರಮದಲ್ಲಿದ್ದುವು. ಮಾತಿನ ಮಟ್ಟಿಗೆ ಆ ಪ್ರಯತ್ನ ಬಹುಮಟ್ಟಿಗೆ ವಿಫಲವಾಯಿತು. ಆದರೆ ಆತನ ಶಿಷ್ಯನಾದ ಎದುವಾರ್ ಸೆಗೆನ್ ಅದೇ ದಾರಿಯನ್ನು ವಿಸ್ತರಿಸಿ, 1846ರಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳ ಶಿಕ್ಷಣವನ್ನು ಕುರಿತು ತನ್ನ ಮುಖ್ಯ ಗ್ರಂಥವನ್ನು ಪ್ರಕಟಿಸಿದನು. ಸೆಗೆನನ ಬರಹಗಳನ್ನು ಆಳವಾಗಿ ಅಭ್ಯಸಿಸಿದ ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಬಡಾವಣೆಯಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದರು. ಸಹೋದ್ಯೋಗಿ ಆನ್ನಾ ಮರಿಯಾ ಮಕ್ಕೆರೋನಿಯವರ ನೆರವಿನಿಂದ ಅವರ ಪದ್ಧತಿಯಲ್ಲಿ ಗಂಟೆಗಳ ಮೂಲಕ ಸ್ವರಜ್ಞಾನವನ್ನು ಕೊಡುವ ಕ್ರಮವೂ ಸೇರಿತು.

ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಅಧ್ಯಾಪಕ ತರಬೇತನ್ನು ನಡೆಸಿದುದೂ, ಮಹಾಯುದ್ಧದ ಕಾರಣ 1946ರವರೆಗೆ ಭಾರತದಲ್ಲಿಯೇ ಉಳಿದುದೂ ನಮ್ಮ ದೇಶದ ಶಿಶುಶಿಕ್ಷಣದ ಚರಿತ್ರೆಯನ್ನು ಬಲ್ಲವರಿಗೆ ತಿಳಿದ ಸಂಗತಿ. ನಮ್ಮ ಪ್ರಕೃತ ವಿಷಯಕ್ಕೆ ಇದರಿಂದ ದೊರೆಯುವ ಅಂಶವೆಂದರೆ, ಮಗುವಿನ ಶಿಕ್ಷಕನು ಬೋಧಿಸುವುದಕ್ಕಿಂತ ಮೊದಲು ನಿರೀಕ್ಷಿಸಬೇಕು, ಅಂದರೆ ಗಮನವಿಟ್ಟು ನೋಡಬೇಕು, ಎಂಬ ತತ್ತ್ವವು ಶಿಶುಶಾಲೆಯಲ್ಲಿ ಬೇರೂರಿದುದು. ಮುಂದೆ ಸಂಗೀತ ಚಿಕಿತ್ಸೆಯ ತರಬೇತಿಗೂ ಇದೇ ಅಡಿಗಲ್ಲಾಯಿತು.

ಸಂಗೀತದ ಕಡೆಯಿಂದ ಬಂದವರಲ್ಲಿ ಜಿನೀವದ ಎಮಿಲ್ ಝಾಕ್-ಡಾಲ್ಕ್ರೋಜ್ (1865–1950) ಮುಖ್ಯರು. ಸ್ವರಸಂಯೋಜನೆಯ ಅಧ್ಯಾಪಕರಾಗಿದ್ದ ಇವರು, ಲಯವನ್ನು ಕಾಗದದ ಮೇಲೆ ಬಲ್ಲ ವಿದ್ಯಾರ್ಥಿಗಳು ದೇಹದಲ್ಲಿ ಅದನ್ನು ಅನುಭವಿಸಲಾರದೆ ಹೋಗುವುದನ್ನು ಕಂಡು, ನಡಿಗೆಯಿಂದಲೂ ಅಂಗಚಲನೆಯಿಂದಲೂ ಲಯವನ್ನು ಕಲಿಸುವ ಪದ್ಧತಿಯನ್ನು ರೂಪಿಸಿದರು. ಜರ್ಮನಿಯಲ್ಲಿ ಕಾರ್ಲ್ ಓರ್ಫ್ ಮತ್ತು ಗುನಿಲ್ಡ್ ಕೇಟ್‌ಮನ್ ಇವರು ಮಕ್ಕಳಿಗೆ ಒಗ್ಗುವ ಸರಳ ತಾಳವಾದ್ಯಗಳನ್ನೂ ಮರದ ಮತ್ತು ಲೋಹದ ಪಟ್ಟಿಗಳ ವಾದ್ಯಗಳನ್ನೂ ಬಳಕೆಗೆ ತಂದರು. 1948ರಿಂದ ಬವೇರಿಯದ ಆಕಾಶವಾಣಿಯ ಮೂಲಕ ಆ ಪದ್ಧತಿ ಶಾಲೆಗಳಿಗೆ ಹರಡಿತು. ಇವರಾರೂ ತಮ್ಮನ್ನು ಚಿಕಿತ್ಸಕರೆಂದು ಕರೆದುಕೊಂಡವರಲ್ಲ. ಆದರೆ ಇವರು ಸಿದ್ಧಪಡಿಸಿದ ಸಾಮಗ್ರಿ ಇಲ್ಲದೆ ಮುಂದಿನವರ ಕೆಲಸ ಸಾಗುತ್ತಿರಲಿಲ್ಲ.

3

ಸಂಗೀತ ಚಿಕಿತ್ಸೆಯ ವಿಧ್ಯುಕ್ತ ಶಿಕ್ಷಣವು ಮೊದಲು ಅಮೆರಿಕದಲ್ಲಿ ತಲೆಯೆತ್ತಿತು. ಒಂದನೆಯ ಮಹಾಯುದ್ಧದ ಗಾಯಾಳುಗಳ ಶುಶ್ರೂಷೆಯ ಅನುಭವವಿದ್ದ ಮಾರ್ಗರೆಟ್ ಆಂಡರ್‌ಟನ್ 1919ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದ ಪಾಠಗಳನ್ನು ನಡೆಸಿದರು. ಆದರೆ ಅದು ನೆಲೆಯೂರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಆಸ್ಪತ್ರೆಗಳಿಗೆ ಸಂಗೀತಗಾರರು ಹೋಗಿ ಹಾಡಿ ನುಡಿಸಿದಾಗ, ಒಳ್ಳೆಯ ಸಂಗೀತಗಾರನಾದ ಮಾತ್ರಕ್ಕೆ ರೋಗಿಗಳ ನಡುವೆ ಕೆಲಸಮಾಡಬಲ್ಲನೆಂಬ ಭರವಸೆಯಿಲ್ಲವೆಂಬುದು ವೈದ್ಯರಿಗೆ ಮನವರಿಕೆಯಾಯಿತು. 1944ರಲ್ಲಿ ಮಿಷಿಗನ್ ಸ್ಟೇಟ್ ಕಾಲೇಜಿನಲ್ಲಿ ಪಾಠಕ್ರಮವೊಂದು ಸಿದ್ಧವಾಯಿತು. 1946ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ಇ. ಥೇಯರ್ ಗ್ಯಾಸ್ಟನ್ ಅವರ ನೇತೃತ್ವದಲ್ಲಿ ಪಾಠಗಳು ಮೊದಲಾದುವು. 1950ರಲ್ಲಿ ರಾಷ್ಟ್ರೀಯ ಸಂಘವು ಹುಟ್ಟಿ, ಕಾಲೇಜಿನ ವ್ಯಾಸಂಗದ ತರುವಾಯ ಆಸ್ಪತ್ರೆಯಲ್ಲಿ ಆರು ತಿಂಗಳ ಅಭ್ಯಾಸವನ್ನು ಕಡ್ಡಾಯಮಾಡಿತು.

ಸಾಮಾನ್ಯವಾಗಿ ಈ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಇದನ್ನೇ ಮೂಲಪ್ರವಾಹವೆಂದು ಎಣಿಸುತ್ತಾರೆ: ಸೈನಿಕರ ಆಸ್ಪತ್ರೆಯಿಂದ ವಿಶ್ವವಿದ್ಯಾನಿಲಯಕ್ಕೆ, ವಿಶ್ವವಿದ್ಯಾನಿಲಯದಿಂದ ಶಾಲೆಗಳಿಗೆ. ವಯಸ್ಕರ ಚಿಕಿತ್ಸೆಯ ಮಟ್ಟಿಗೆ ಈ ಕ್ರಮ ನಿಜವೇ ಆಗಿದೆ. ಎಳೆಯ ಮಕ್ಕಳ ಮಟ್ಟಿಗೆ ಮಾತ್ರ ಈ ಕ್ರಮವು ಪೂರ್ತಿಯಾಗಿ ಹೊಂದುವುದಿಲ್ಲವೆಂದು ನಾವು ಭಾವಿಸುತ್ತೇವೆ. ಗ್ಯಾಸ್ಟನ್ ಅವರೇ ಸಂಗೀತ ಶಿಕ್ಷಣದ ಅಧ್ಯಾಪಕರಾಗಿದ್ದರೆಂಬುದನ್ನು ಮರೆಯಲಾಗದು. ಇಂಗ್ಲೆಂಡಿನಲ್ಲಂತೂ ಈ ವಿದ್ಯೆಯ ಒಂದು ಪ್ರಬಲ ಶಾಖೆ ನೇರವಾಗಿ ಮಕ್ಕಳ ವಸತಿಗೃಹವೊಂದರಲ್ಲಿ, ಅಲ್ಲಿಯ ದಿನಚರಿಯ ನಡುವೆಯೇ ಚಿಗುರಿತು. ವಿಶ್ವವಿದ್ಯಾನಿಲಯವು ಅನಂತರ ಅದನ್ನು ಸ್ವೀಕರಿಸಿತು.

4

ವುಸ್ಟರ್‌ಶೈರ್ ಪ್ರಾಂತದ ಕ್ಲೆಂಟ್ ಎಂಬ ಹಳ್ಳಿಯಲ್ಲಿದ್ದ ಸನ್‌ಫೀಲ್ಡ್ ಮಕ್ಕಳ ವಸತಿಗೃಹವೇ ಈ ಸ್ಥಳ. ಫ್ರೀಡ್ ಗಾಯ್ಟರ್ ಮತ್ತು ಮೈಕೇಲ್ ವಿಲ್ಸನ್ ಎಂಬವರು 1930ರಲ್ಲಿ ಸ್ಥಾಪಿಸಿದ ಈ ಸಂಸ್ಥೆ, ರುಡಾಲ್ಫ್ ಸ್ಟೈನರ್ ಅವರ ವಿಚಾರಗಳಿಂದ ಪ್ರೇರಿತವಾದುದು. ಬೌದ್ಧಿಕ ವೈಕಲ್ಯವುಳ್ಳ ಮಕ್ಕಳ ದಿನಚರಿಯಲ್ಲಿ ಹಾಡು, ಬಣ್ಣ, ನಾಟಕ, ಕೈಗೆಲಸಗಳಿಗೆ ಅಲ್ಲಿ ಸ್ಥಾನವಿದ್ದಿತು. ಕ್ಲೈವ್ ರಾಬಿನ್ಸ್ (1927–2011) 1954ರಲ್ಲಿ ಅಲ್ಲಿಗೆ ಶಿಕ್ಷಕರಾಗಿ ಸೇರಿದರು. ಅವರು ವೃತ್ತಿಯಿಂದ ಸಂಗೀತಗಾರರಲ್ಲ. ಮಕ್ಕಳಿಗೆ ಪಾಠ ಹೇಳುವುದು, ಅವರೊಡನೆ ಆಡುವುದು, ಅವರ ಸ್ವಭಾವವನ್ನು ಒಂದೊಂದಾಗಿ ಅರಿಯುವುದು, ಇವೇ ಅವರ ನಿತ್ಯದ ಕೆಲಸ.

ಪಾಲ್ ನಾರ್ಡಾಫ್ (1909–1977) ಇದಕ್ಕೆ ತೀರ ಬೇರೆಯಾದ ಹಿನ್ನೆಲೆಯವರು. ಫಿಲಡೆಲ್ಫಿಯದಲ್ಲಿ ಹುಟ್ಟಿ, ವಾಗ್ಗೇಯಕಾರರಾಗಿಯೂ ಪಿಯಾನೊ ವಾದಕರಾಗಿಯೂ ಹೆಸರು ಪಡೆದು, ಅಮೆರಿಕದ ಬಾರ್ಡ್ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕರಾಗಿದ್ದವರು. 1958ರಲ್ಲಿ ಯೂರೋಪಿನ ಪ್ರವಾಸದಲ್ಲಿದ್ದಾಗ, ಸಂಗೀತವು ವಿಕಲಚೇತನ ಮಕ್ಕಳ ಮೇಲೆ ಬೀರುವ ಪರಿಣಾಮವು ಅವರ ಗಮನಕ್ಕೆ ಬಂದಿತು. 1959ರಲ್ಲಿ ಅವರು ಕಾಲೇಜಿನ ಹುದ್ದೆಯನ್ನು ತ್ಯಜಿಸಿ ಸನ್‌ಫೀಲ್ಡಿಗೆ ಬಂದು ರಾಬಿನ್ಸ್ ಅವರೊಡನೆ ಕೆಲಸಕ್ಕೆ ತೊಡಗಿದರು. ಐವತ್ತು ವರ್ಷ ವಯಸ್ಸಿನ, ಪ್ರತಿಷ್ಠಿತ ಸ್ಥಾನದಲ್ಲಿದ್ದ ಕಲಾವಿದನೊಬ್ಬನು ಹೀಗೆ ಮಕ್ಕಳ ವಸತಿಗೃಹದಲ್ಲಿ ಮತ್ತೆ ವಿದ್ಯಾರ್ಥಿಯಾದುದು ಸಾಮಾನ್ಯ ಸಂಗತಿಯಲ್ಲ.

ಕೆಲಸದ ವಿಭಾಗ ಹೀಗಿದ್ದಿತು. ನಾರ್ಡಾಫ್ ಪಿಯಾನೊ ಮುಂದೆ ಕುಳಿತು ಆ ಕ್ಷಣಕ್ಕೆ ತಕ್ಕ ಸಂಗೀತವನ್ನು ಕಲ್ಪಿಸಿ ನುಡಿಸುವರು. ರಾಬಿನ್ಸ್ ಮಗುವಿನ ಪಕ್ಕದಲ್ಲಿದ್ದು, ಡೋಲಿನ ಕೋಲನ್ನು ಹಿಡಿಯಲು ನೆರವಾಗುವರು, ಮಗು ಓಡಿದರೆ ಜೊತೆಯಲ್ಲಿ ಹೋಗುವರು, ಏನೂ ಮಾಡಬಾರದಾದಾಗ ಸುಮ್ಮನಿರುವರು. ಮಗು ಡೋಲನ್ನು ಬಡಿದ ಗತಿಯನ್ನೇ ಪಿಯಾನೊ ಹಿಂಬಾಲಿಸುವುದು. ಮಗು ನಿಲ್ಲಿಸಿದರೆ ಸಂಗೀತವೂ ನಿಲ್ಲುವುದು. ತಾನು ಮಾಡಿದ ಸದ್ದಿಗೆ ಲೋಕವು ಉತ್ತರ ಕೊಡುತ್ತಿದೆಯೆಂಬುದು ಮಗುವಿಗೆ ಹೀಗೆ ಅರಿವಾಗತೊಡಗುವುದು. ಐದು ಸ್ವರಗಳ ಮೇಳಗಳನ್ನು ಅವರು ಬಹಳವಾಗಿ ಉಪಯೋಗಿಸಿದರು. ನಮ್ಮ ಮೋಹನ ರಾಗದ ಸ್ವರಗಳನ್ನು ನೆನೆದರೆ ಅದರ ಕಾರಣ ಹೊಳೆಯುತ್ತದೆ: ಆ ಐದರಲ್ಲಿ ಯಾವುದನ್ನು ಯಾವುದರ ಮುಂದೆ ನುಡಿಸಿದರೂ ಕಿವಿಗೆ ಕರ್ಕಶವೆನಿಸುವುದು ಅಪರೂಪ, ಆದುದರಿಂದ ಮಗುವಿನ ಕೈಯಿಂದ ತಪ್ಪು ಸ್ವರವೆಂಬುದು ಹುಟ್ಟುವುದೇ ಇಲ್ಲ.

ಇವರ ಅಭ್ಯಾಸಕ್ರಮದಲ್ಲಿ ನಮಗೆ ಅತ್ಯಂತ ಗಮನಾರ್ಹವಾಗಿ ಕಾಣುವುದು ಧ್ವನಿಮುದ್ರಣದ ಬಳಕೆ. ಪ್ರತಿಯೊಂದು ಭೇಟಿಯನ್ನೂ ಇವರು ಯಂತ್ರದಲ್ಲಿ ಮುದ್ರಿಸಿಕೊಂಡು, ಮಗು ಹೋದ ಮೇಲೆ ಅದನ್ನು ಆಲಿಸಿ, ಯಾವ ಕ್ಷಣದಲ್ಲಿ ಮಗು ಏನು ಮಾಡಿತು, ಅದಕ್ಕೆ ತಾವು ಏನು ಉತ್ತರ ಕೊಟ್ಟೆವು, ಯಾವ ಅವಕಾಶ ತಮ್ಮ ಕಿವಿಗೆ ಬೀಳದೆ ಕಳೆದುಹೋಯಿತು ಎಂದು ಗುರುತುಮಾಡಿಕೊಳ್ಳುತ್ತಿದ್ದರು. ಅವರಿಗೆ ಗುರುಗಳಿರಲಿಲ್ಲ, ಪಠ್ಯಪುಸ್ತಕವಿರಲಿಲ್ಲ, ಪರೀಕ್ಷಕರಿರಲಿಲ್ಲ. ಈ ಮೂವರ ಸ್ಥಾನವನ್ನೂ ಆ ಧ್ವನಿಮುದ್ರಿಕೆಯೇ ವಹಿಸಿತು. ಹಗಲಿನಲ್ಲಿ ಮಾಡಿದ ಕೆಲಸ ಸಂಜೆಗೆ ಪಾಠವಾಯಿತು; ಸಂಜೆಯ ಪಾಠ ಮರುದಿನದ ಕೆಲಸವನ್ನು ತಿದ್ದಿತು. ಕೆಲಸಮಾಡುತ್ತಲೇ ಕಲಿಯುವುದು ಎಂಬ ಮಾತಿಗೆ ಇದಕ್ಕಿಂತ ನಿಷ್ಠುರವಾದ ನಿದರ್ಶನ ದೊರೆಯುವುದು ಕಷ್ಟ.

ಗುಂಪಿನ ಕೆಲಸವನ್ನೂ ಇವರು ಬಿಡಲಿಲ್ಲ. ಗ್ರಿಮ್ ಸಹೋದರರ ಸಂಗ್ರಹದ ಕಥೆಯೊಂದನ್ನು ಆಧರಿಸಿ ರಚಿಸಿದ ‘ಪಿಫ್-ಪಾಫ್-ಪೋಲ್ಟ್ರೀ’ ಎಂಬ ಆಟದಲ್ಲಿ, ಚೆದರಿದ ಎಲೆಗಳನ್ನು ಕಸಬರಿಗೆಯಿಂದ ಗುಡಿಸಿ ಒಟ್ಟುಮಾಡುವ ಕೆಲಸಕ್ಕೆ ಸಂಗೀತವನ್ನು ಹೊಂದಿಸಲಾಗಿದೆ. ಇಲ್ಲಿ ಹಾಡು ಅಲಂಕಾರವಲ್ಲ. ಗುಡಿಸುವ ಕೈಗೆ ಗತಿಯನ್ನೂ ಗುರಿಯನ್ನೂ ಕೊಡುವ ಸಾಧನ. ಇಂತಹ ಕೃತಿಯಲ್ಲಿ ವಾಗ್ಗೇಯಕಾರನ ಕಲ್ಪನೆ ಎಷ್ಟಿದೆಯೋ ತರಗತಿಯ ಶಿಕ್ಷಕನ ಅನುಭವವೂ ಅಷ್ಟೇ ಇದೆ. ಒಬ್ಬರಿಂದಲೇ ಇದು ಹುಟ್ಟುತ್ತಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು.

5

ಸನ್‌ಫೀಲ್ಡಿನಲ್ಲಿ ಹುಟ್ಟಿದ ಕ್ರಮವು ಫಿಲಡೆಲ್ಫಿಯದಲ್ಲಿ ಪರೀಕ್ಷೆಗೆ ಒಳಗಾಯಿತು. 1962ರಿಂದ 1967ರವರೆಗೆ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಮಕ್ಕಳ ಮನೋವೈದ್ಯ ವಿಭಾಗದಲ್ಲಿ, ಏಳು ವರ್ಷಕ್ಕೆ ಕಡಮೆ ವಯಸ್ಸಿನ, ತೀವ್ರ ಮಾನಸಿಕ ತೊಂದರೆಯುಳ್ಳ ಮಕ್ಕಳಿಗಾಗಿ ಒಂದು ಯೋಜನೆ ನಡೆಯಿತು. ಅದಕ್ಕೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಧನಸಹಾಯವಿದ್ದಿತು. ಅಲ್ಲಿಯ ಒಂದು ಪ್ರಸಂಗ ಈ ಶಾಖೆಯ ವಿದ್ಯಾರ್ಥಿಗಳಿಗೆಲ್ಲ ಇಂದಿಗೂ ಪಾಠವಾಗಿದೆ. ಸುಮಾರು ಐದು ವರ್ಷದ ಬಾಲಕನೊಬ್ಬನು ಅರಚುತ್ತ ಅಳುತ್ತ ಕೋಣೆಗೆ ಬಂದನು. ನಾರ್ಡಾಫ್ ಆ ಅಳುವನ್ನು ನಿಲ್ಲಿಸಲು ಯತ್ನಿಸದೆ, ಅದರ ತೀವ್ರತೆಗೆ ಸರಿಸಮನಾದ ಸಂಗೀತವನ್ನು ನುಡಿಸಿದರು. ಕ್ರಮಕ್ರಮವಾಗಿ ಆ ಅಳುವಿನ ಸ್ವರಗಳು ಪಿಯಾನೊ ಶ್ರುತಿಗೆ ಹೊಂದಿಕೊಳ್ಳತೊಡಗಿದುವು. ಗದ್ದಲವೆಂದು ಯಾರಾದರೂ ತಳ್ಳಿಹಾಕಬಹುದಾಗಿದ್ದ ಧ್ವನಿಯು ಸಂಭಾಷಣೆಯ ಮೊದಲ ನುಡಿಯಾಯಿತು. ಅಳುವ ಕೂಸಿನ ರಾಗಕ್ಕೆ ತನ್ನ ದನಿಯನ್ನು ಕೂಡಿಸಿ ಜೋಗುಳವನ್ನು ಎತ್ತಿಕೊಳ್ಳುವ ತಾಯಿಯನ್ನು ಕಂಡವರಿಗೆ ಈ ಉಪಾಯ ಅಪರಿಚಿತವೆನಿಸದು. ಆದರೆ ಅದನ್ನು ಬೇಕೆಂದಾಗ, ಬಲ್ಲೆನೆಂಬ ಎಚ್ಚರದಿಂದ, ಪರರ ಮಗುವಿಗೆ ಮಾಡುವುದಕ್ಕೆ ವಿದ್ಯೆ ಬೇಕು.

ಈ ವಿದ್ಯೆಯನ್ನು ಇತರರಿಗೆ ತಲಪಿಸಲು ಹೆಸರುಗಳೂ ಅಳತೆಗಳೂ ಬೇಕಾದುವು. ಮಕ್ಕಳು ಡೋಲನ್ನು ಬಡಿಯುವ ರೀತಿ, ಹಾಡಿಗೆ ಒಲಿಯುವ ರೀತಿ ಮೊದಲಾದುವನ್ನು 13 ಬಗೆಗಳಾಗಿ ಇವರು ವಿಂಗಡಿಸಿದರು. ಸ್ವತಂತ್ರ ಲಯ, ಅಸ್ಥಿರ ಲಯ, ಬಿಡಲಾರದ ಒಂದೇ ಗತಿಯ ಬಡಿತ, ಸಂಗೀತದಿಂದ ತಪ್ಪಿಸಿಕೊಳ್ಳುವ ಬಡಿತ ಇವು ಅವುಗಳಲ್ಲಿ ಕೆಲವು. ಮಗುವಿಗೂ ಚಿಕಿತ್ಸಕನಿಗೂ ಬೆಳೆಯುವ ಸಂಬಂಧವನ್ನೂ, ಮಗುವಿನ ಸಂಗೀತ ಸಂವಹನವನ್ನೂ ಅಳೆಯುವ ಎರಡು ಮಾಪಕಗಳು ಸಿದ್ಧವಾದುವು. ‘ಥೆರಪಿ ಇನ್ ಮ್ಯೂಸಿಕ್ ಫಾರ್ ಹ್ಯಾಂಡಿಕ್ಯಾಪ್ಡ್ ಚಿಲ್ಡ್ರನ್’, ‘ಮ್ಯೂಸಿಕ್ ಥೆರಪಿ ಇನ್ ಸ್ಪೆಷಲ್ ಎಜುಕೇಷನ್’ ಎಂಬ ಗ್ರಂಥಗಳು 1971ರಲ್ಲಿ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಓದುಗರಿಗೆ ದೊರೆತುವು. 1977ರಲ್ಲಿ ‘ಕ್ರಿಯೇಟಿವ್ ಮ್ಯೂಸಿಕ್ ಥೆರಪಿ’ ಪ್ರಕಟವಾಯಿತು. ಪ್ರತಿ ಮಗುವಿನಲ್ಲಿಯೂ ಸಂಗೀತಕ್ಕೆ ಓಗೊಡುವ ಒಂದು ‘ಸಂಗೀತ ಶಿಶು’ ಇದೆ, ವ್ಯಾಧಿಯು ಅದನ್ನು ಮುಚ್ಚಬಹುದು, ಅಳಿಸಲಾರದು ಎಂಬುದು ಇವರ ಮೂಲ ಸಿದ್ಧಾಂತ.

6

ಇಷ್ಟರೊಳಗೆ ಇಂಗ್ಲೆಂಡಿನಲ್ಲಿ ಇನ್ನೊಂದು ದಾರಿಯೂ ಸಿದ್ಧವಾಗಿದ್ದಿತು. ಚೆಲ್ಲೊ ವಾದಕಿ ಜೂಲಿಯೆಟ್ ಆಲ್ವಿನ್ (1897–1982) 1958ರಲ್ಲಿ ಈ ವಿಷಯಕ್ಕಾಗಿ ಸಂಘವೊಂದನ್ನು ಸ್ಥಾಪಿಸಿ, 1968ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಆ ದೇಶದ ಮೊದಲ ಸ್ನಾತಕೋತ್ತರ ತರಬೇತಿಯನ್ನು ಆರಂಭಿಸಿದರು. ನಾರ್ಡಾಫ್–ರಾಬಿನ್ಸ್ ಕ್ರಮದ ತರಬೇತಿ 1974ರಲ್ಲಿ ಆಗ್ನೇಯ ಲಂಡನ್ನಿನ ಗೋಲ್ಡಿ ಲೀ ಆಸ್ಪತ್ರೆಯಲ್ಲಿ ಮೊದಲಾಯಿತು. ಆಲ್ವಿನ್ ಅವರ ಶಿಷ್ಯರು ಸಂಗೀತ ಶಾಲೆಯಿಂದ ಮಕ್ಕಳ ಕಡೆಗೆ ಹೋದರು. ನಾರ್ಡಾಫ್ ಮತ್ತು ರಾಬಿನ್ಸ್ ಅವರ ಶಿಷ್ಯರು ಮಕ್ಕಳ ನಡುವೆಯೇ ಕುಳಿತು ಪಾಠವನ್ನು ಆರಂಭಿಸಿದರು. 1977ರಲ್ಲಿ ನಾರ್ಡಾಫ್ ತೀರಿಕೊಂಡ ಮೇಲೆ ರಾಬಿನ್ಸ್ ತಮ್ಮ ಪತ್ನಿ ಕ್ಯಾರಲ್ ಅವರೊಡನೆ ಕಿವುಡು ಮಕ್ಕಳ ಶಾಲೆಯೊಂದರ ಅನುಭವವನ್ನು ಗ್ರಂಥರೂಪಕ್ಕೆ ತಂದರು. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಈ ಪದ್ಧತಿಯ ಕೇಂದ್ರವನ್ನು ನೆಲೆಗೊಳಿಸಿದರು.

ಕಾಲಕ್ರಮದಲ್ಲಿ ವೃತ್ತಿಗೆ ಶಾಸನದ ಮನ್ನಣೆಯೂ ಬಂದಿತು. 1982ರಲ್ಲಿ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಸಂಗೀತ ಚಿಕಿತ್ಸಕರಿಗೆ ಪ್ರತ್ಯೇಕ ವೇತನಶ್ರೇಣಿ ದೊರೆತು, 1990ರ ದಶಕದ ಕೊನೆಗೆ ಅವರ ನೋಂದಣಿಯು ಶಾಸನಬದ್ಧವಾಯಿತು. ಈಗ ಆ ದೇಶದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು ನೋಂದಾಯಿಸಿಕೊಳ್ಳದವರು ಸಂಗೀತ ಚಿಕಿತ್ಸಕರೆಂಬ ಹೆಸರನ್ನು ಧರಿಸುವಂತಿಲ್ಲ. ಪ್ರವೇಶಾರ್ಥಿಗಳಿಗೆ ಉನ್ನತ ಮಟ್ಟದ ವಾದನ ಸಾಮರ್ಥ್ಯವೂ, ಸ್ಥಳದಲ್ಲಿಯೇ ಕಲ್ಪಿಸಿ ನುಡಿಸುವ ಶಕ್ತಿಯೂ ಅವಶ್ಯಕ.

ಇಲ್ಲಿ ಚರಿತ್ರೆಯ ಒಂದು ವಿಪರ್ಯಾಸವನ್ನು ಗುರುತಿಸಬೇಕಾಗುತ್ತದೆ. ಯಾರ ಹೆಸರಿನಲ್ಲಿ ಈ ತರಬೇತಿ ನಡೆಯುತ್ತಿದೆಯೋ ಆ ಇಬ್ಬರಲ್ಲಿ ಒಬ್ಬರು, 1959ರಲ್ಲಿ ಇದ್ದಂತೆಯೇ ಬಂದು ನಿಂತಿದ್ದರೆ, ಇಂದಿನ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದ್ದರೆಂದು ಹೇಳುವುದು ಸುಲಭವಲ್ಲ. ಇದನ್ನು ಆಕ್ಷೇಪಣೆಯಾಗಿ ನಾವು ಹೇಳುತ್ತಿಲ್ಲ. ವೃತ್ತಿಯೊಂದು ಕಟ್ಟುನಿಟ್ಟಾದಾಗ ಅದರ ಬಾಗಿಲು ಕಿರಿದಾಗುವುದು ಸಹಜ. ಅಸಹಾಯಕ ಮಕ್ಕಳನ್ನು ಒಪ್ಪಿಸಿಕೊಳ್ಳುವವರ ಯೋಗ್ಯತೆಯನ್ನು ಪರೀಕ್ಷಿಸುವುದೂ ನ್ಯಾಯ. ಆದರೆ ಸನ್‌ಫೀಲ್ಡಿನ ಪ್ರಯೋಗದಲ್ಲಿ ಇದ್ದುದು ಎರಡು ಅರ್ಹತೆಗಳು. ಸಂಗೀತದ ಅರ್ಹತೆಯನ್ನು ಪರೀಕ್ಷೆಯಿಂದ ಅಳೆಯಬಹುದು. ವರ್ಷಗಟ್ಟಲೆ ಮಕ್ಕಳ ನಡುವೆ ಬದುಕಿ ಪಡೆದ ಅರ್ಹತೆಯನ್ನು ಅಳೆಯುವ ಪರೀಕ್ಷೆ ಇನ್ನೂ ಹುಟ್ಟಿಲ್ಲ. ಅಳೆಯಲಾಗದುದು ಪಾಠಕ್ರಮದಿಂದ ಜಾರಿಹೋಗುವ ಭಯ ಎಲ್ಲ ವೃತ್ತಿಶಿಕ್ಷಣಗಳಲ್ಲಿಯೂ ಇದೆ. ಕೆಲಸದಲ್ಲಿರುವವರಿಗೆ ಅನುಕೂಲವಾಗುವಂತೆ ಕೆಲವು ಸಂಸ್ಥೆಗಳು ಅರೆಕಾಲಿಕ ವ್ಯಾಸಂಗಕ್ಕೆ ಅವಕಾಶಮಾಡಿರುವುದನ್ನು ಈ ಕಾರಣದಿಂದ ನಾವು ಮಹತ್ತ್ವದ್ದೆಂದು ಎಣಿಸುತ್ತೇವೆ.

7

ಚರಿತ್ರೆಯನ್ನು ಬರೆಯುವಾಗ ಆರಾಧನೆಗೆ ಎಡೆಗೊಡಬಾರದು. ಈ ಚಿಕಿತ್ಸೆಯ ಫಲವನ್ನು ಕುರಿತು ಇತ್ತೀಚಿನ ಶೋಧನೆಗಳು ಏನು ಹೇಳುತ್ತವೆಂಬುದನ್ನೂ ಲಕ್ಷಿಸಬೇಕು. ಆಟಿಸಂ ಇರುವ 4ರಿಂದ 7 ವರ್ಷದೊಳಗಿನ 364 ಮಕ್ಕಳನ್ನು ಒಳಗೊಂಡು 9 ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಐದು ತಿಂಗಳ ಅವಧಿಯ ಕೊನೆಗೆ, ಸಾಮಾನ್ಯ ಆರೈಕೆಯನ್ನು ಮಾತ್ರ ಪಡೆದ ಮಕ್ಕಳಿಗೂ, ಅದರೊಡನೆ ಸಂಗೀತ ಚಿಕಿತ್ಸೆಯನ್ನೂ ಪಡೆದ ಮಕ್ಕಳಿಗೂ ಮುಖ್ಯ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. 26 ಅಧ್ಯಯನಗಳನ್ನೂ 1165 ಮಂದಿಯನ್ನೂ ಒಳಗೊಂಡ 2022ರ ಕಾಕ್ರೇನ್ ಸಮೀಕ್ಷೆಯು ಒಟ್ಟಾರೆ ಸುಧಾರಣೆಯ ಸಂಭವವು ಸಂಗೀತ ಚಿಕಿತ್ಸೆಯಿಂದ ಪ್ರಾಯಶಃ ಹೆಚ್ಚುತ್ತದೆಂದು ತೀರ್ಮಾನಿಸಿತು. ಈ ಎರಡನ್ನೂ ಒಟ್ಟಿಗೆ ಓದಿದವರು ಅತಿಯಾದ ಭರವಸೆಯನ್ನೂ ಕೊಡಲಾರರು, ಅಲ್ಲಗಳೆಯಲೂ ಆರರು. ತಂದೆತಾಯಿಗಳಿಗೆ ‘ಗುಣವಾಗುತ್ತದೆ’ ಎಂದು ಮಾತು ಕೊಡುವ ಅಧಿಕಾರ ಈ ವಿದ್ಯೆಯನ್ನು ಕಲಿತವರಿಗೂ ಇಲ್ಲ. ಕಲಿಯದವರಿಗೆ ಇಲ್ಲವೆಂದು ಬೇರೆ ಹೇಳಬೇಕಾದುದಿಲ್ಲ.

8

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ವಿಶದವಾಗುತ್ತವೆ. ಮೊದಲನೆಯದು: ಎಳೆಯ ಮಕ್ಕಳ ಸಂಗೀತ ಚಿಕಿತ್ಸೆಯ ಶಿಕ್ಷಣಕ್ಕೆ ಆಸ್ಪತ್ರೆ ಮತ್ತು ವಿಶ್ವವಿದ್ಯಾನಿಲಯಗಳಂತೆ ಮಕ್ಕಳ ವಸತಿಗೃಹವೂ ಜನ್ಮಸ್ಥಾನ, ಅಲ್ಲಿಯ ಶಿಕ್ಷಕನು ಈ ಶಾಸ್ತ್ರದ ನಿರ್ಮಾಪಕರಲ್ಲಿ ಒಬ್ಬನು. ಎರಡನೆಯದು: ಮಕ್ಕಳಿಗಾಗಿ ಹಾಡುವುದು ಬೇರೆ, ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದು ಶಿಶುವಿಹಾರದ ಪ್ರತಿಯೊಬ್ಬ ಶಿಕ್ಷಕಿಯ ಹಕ್ಕು, ಕರ್ತವ್ಯ. ಎರಡನೆಯದಕ್ಕೆ ಶಿಕ್ಷಣವೂ ಮೇಲ್ವಿಚಾರಣೆಯೂ ಹೊಣೆಗಾರಿಕೆಯೂ ಬೇಕು. ಮೂರನೆಯದು: ಈ ಶಿಕ್ಷಣಕ್ಕೆ ಹೊರಡುವ ಶಿಕ್ಷಕಿಯು ತಾನು ದಿನವೂ ಮಾಡುತ್ತಿರುವ ಕೆಲಸವನ್ನು ಕಲಿಕೆಗೆ ಅಡ್ಡಿಯೆಂದು ಭಾವಿಸಬೇಕಾಗಿಲ್ಲ. ನೋಡಿದುದನ್ನು ಬರೆದಿಡುವುದು, ಕೇಳಿದುದನ್ನು ಮತ್ತೊಮ್ಮೆ ಕೇಳುವುದು, ತನ್ನ ಉತ್ತರವು ಮಗುವಿನ ಪ್ರಶ್ನೆಗೆ ಹೊಂದಿತೆ ಎಂದು ತನ್ನನ್ನೇ ವಿಚಾರಿಸಿಕೊಳ್ಳುವುದು ಎಂಬ ಸನ್‌ಫೀಲ್ಡಿನ ಮೂರು ಅಭ್ಯಾಸಗಳಿಗೆ ಪ್ರವೇಶ ಪತ್ರ ಬೇಡ. ಅವನ್ನು ರೂಢಿಸಿಕೊಂಡು ಕಾಲೇಜಿಗೆ ಹೋದವಳು ಅರ್ಧ ಪಾಠವನ್ನು ಕಲಿತೇ ಹೋಗುತ್ತಾಳೆ; ಹೋಗಲಾಗದೆ ಉಳಿದವಳ ಮಕ್ಕಳಿಗೂ ಅದರಿಂದ ನಷ್ಟವಿಲ್ಲ.

ವೃತ್ತಿಗಳ ಚರಿತ್ರೆಯಲ್ಲಿ ಸಂಸ್ಥೆಗಳ ಹೆಸರೂ ಶಾಸನಗಳ ವರ್ಷವೂ ಸುಲಭವಾಗಿ ದಾಖಲೆಯಾಗುತ್ತವೆ. ಮಗುವಿನ ಪಕ್ಕದಲ್ಲಿ ಕುಳಿತು ಡೋಲಿನ ಕೋಲನ್ನು ಹಿಡಿಸಿದವರ ಪಾಲು ಅಷ್ಟು ಸುಲಭವಾಗಿ ದಾಖಲೆಗೆ ಸಿಗುವುದಿಲ್ಲ. ಆ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಈ ಶಿಕ್ಷಣದ ಚರಿತ್ರೆ ಪೂರ್ಣವಾಗುವುದೆಂಬುದು ನಮ್ಮ ಅಭಿಪ್ರಾಯ.